ಹಾಡುಗಾರನಿಗೂ ಕೇಳುಗನಿಗೂ ನಡುವೆ

ಬೀದರ ನಗರದ ಮೈಲೂರ, ಭಾಲ್ಕಿ, ಔರಾದ ಮೊದಲಾದ ಸೀಮೆಗಳಲ್ಲಿ ರಾತ್ರಿಯ ಭಜನೆಯನ್ನು ಕೇಳಿ ಬೆಳೆದವರು ನಮ್ಮ ವಾಚಕರಲ್ಲಿ ಹಲವರು ಇರಬಹುದು. ಏಕತಾರಿ ಒಂದೇ ಸಮನೆ ಶ್ರುತಿಯನ್ನು ಹಿಡಿದಿರುತ್ತದೆ. ದಮ್ಮಡಿಯೂ ತಾಳವೂ ಲಯವನ್ನು ಕಾಯುತ್ತಿರುತ್ತವೆ. ಮುಂದಾಳು ತತ್ತ್ವಪದದ ಒಂದು ನುಡಿಯನ್ನು ಎತ್ತಿಕೊಟ್ಟರೆ ಹಿಮ್ಮೇಳದವರು ಅದನ್ನು ಹಿಡಿದು ಹಿಂದಿರುಗಿಸುತ್ತಾರೆ. ಕೇಳುವವರೂ ಅಲ್ಲಿ ಸುಮ್ಮನೆ ಕುಳಿತಿರುವುದಿಲ್ಲ. ಅವರು ತಲೆದೂಗುತ್ತಾರೆ, ಮೆಚ್ಚಿದ ನುಡಿಯನ್ನು ಮತ್ತೊಮ್ಮೆ ಹಾಡಿಸುತ್ತಾರೆ, ಆಯೇರಿ ಮಾಡುತ್ತಾರೆ, ಬೇಸರವಾದರೆ ಎದ್ದೂ ಹೋಗುತ್ತಾರೆ. ಹಾಡುಗಾರನು ಇದೆಲ್ಲವನ್ನೂ ಕಣ್ಣಿನ ಅಂಚಿನಲ್ಲಿಯೇ ಗಮನಿಸಿ ಮುಂದಿನ ಪದವನ್ನು ಆರಿಸಿಕೊಳ್ಳುತ್ತಾನೆ.

ಭೌತವಿಜ್ಞಾನದ ಮಾತಿನಲ್ಲಿ ಹೇಳುವುದಾದರೆ ಇದೊಂದು ಪೂರ್ಣವಾದ ಮಂಡಲ. ವಿದ್ಯುನ್ಮಂಡಲದಲ್ಲಿ ಪ್ರವಾಹವು ಹೊರಟಲ್ಲಿಗೆ ಮರಳಿ ಬರಬೇಕಷ್ಟೆ. ತಂತಿ ಎಲ್ಲಿಯಾದರೂ ಕಡಿದರೆ ದೀಪವು ಆರಿಹೋಗುತ್ತದೆ. ಹಾಗೆಯೇ ನಾದವು ಹಾಡುಗಾರನಿಂದ ಕೇಳುಗನಿಗೆ ಹೋಗುತ್ತದೆ. ಮೆಚ್ಚುಗೆ, ಕೋರಿಕೆ, ಕಾಣಿಕೆಗಳು ಕೇಳುಗನಿಂದ ಹಾಡುಗಾರನಿಗೆ ಮರಳುತ್ತವೆ. ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಬಂದ ಯಂತ್ರಗಳು ಈ ಮಂಡಲವನ್ನು ಮೊದಲು ಕಡಿದು, ಈಗ ಅಂತರಜಾಲದ ರೂಪದಲ್ಲಿ ಮತ್ತೆ ಜೋಡಿಸಿವೆ. ಆದರೆ ಈ ಜೋಡಣೆಯಲ್ಲಿ ಮೂರು ಬಿರುಕುಗಳು ಉಳಿದಿವೆ. ಜೋಡಣೆ ಹೇಗಾಯಿತು, ಬಿರುಕುಗಳು ಯಾವುವು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಕಡಿದುಹೋದ ಮಂಡಲ

ಭಾರತದಲ್ಲಿ ಗ್ರಾಮಫೋನ್ ತಟ್ಟೆಗಾಗಿ ವೃತ್ತಿಗಾಯಕರ ಹಾಡುಗಳನ್ನು ಮುದ್ರಿಸತೊಡಗಿದುದು 1902ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ. ಆಗ ಹಾಡಿದವರಲ್ಲಿ ಗೌಹರ್ ಜಾನ್ ಪ್ರಮುಖರು. ಇವರು ತಮ್ಮ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅವರ ತಟ್ಟೆಗಳಲ್ಲಿ ಒಂದು ವಿಶೇಷವುಂಟು. ಹಾಡು ಮುಗಿದೊಡನೆ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆಗಳನ್ನು ಒತ್ತುವ ಕಾರ್ಖಾನೆಯು ಜರ್ಮನಿಯ ಹಾನೋವರಿನಲ್ಲಿತ್ತು. ಅಲ್ಲಿಯ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿದು, ಚೀಟಿಯ ಮೇಲೆ ಸರಿಯಾದ ಹೆಸರು ಬೀಳಲಿ ಎಂಬುದೇ ಇದರ ಉದ್ದೇಶ. ಈ ಚಿಕ್ಕ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನ ಬರುತ್ತದೆ.

ತಟ್ಟೆಯು ಹಾಡನ್ನು ಸಾವಿರಾರು ಮೈಲಿ ಒಯ್ದಿತು, ನಿಜ. ಆದರೆ ರಾತ್ರಿಯೆಲ್ಲ ಹಾಡಬಹುದಾದ ಸಂಗೀತವನ್ನು ಸುಮಾರು ಮೂರು ನಿಮಿಷಗಳಿಗೆ ಕುಗ್ಗಿಸಿತು. ಕೇಳುಗನ ಮುಖವನ್ನು ಹಾಡುಗಾರನಿಂದ ಮರೆಮಾಡಿತು. ಅನಂತರ ರೇಡಿಯೋ ಬಂದಿತು. 1935ರಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದರು. ನಮ್ಮ ಕಲಬುರಗಿಯ ಕೇಂದ್ರವು 1966ರಲ್ಲಿ ಪ್ರಾರಂಭವಾಯಿತು; ಬೀದರಿನ ಕಡೆಯ ಎಷ್ಟೋ ಮನೆಗಳಿಗೆ ಅದು ಕನ್ನಡದ ಹಾಡನ್ನು ತಂದಿತು. ಆದರೆ ರೇಡಿಯೋದಲ್ಲಿಯೂ ಪ್ರವಾಹವು ಒಂದೇ ದಿಕ್ಕಿನದು. ಕೇಳುಗನ ಪಾಲಿಗೆ ಉಳಿದುದು ಕೋರಿಕೆಯ ಅಂಚೆಕಾರ್ಡು ಮಾತ್ರ. ಅದು ತಲುಪುವುದೂ ಕೇಂದ್ರಕ್ಕೆ, ಹಾಡುಗಾರನಿಗಲ್ಲ.

ಮುಂದೆ ಧ್ವನಿಸುರುಳಿಗಳು ಬಂದವು. 1978ರ 'ನಿತ್ಯೋತ್ಸವ'ವು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಹೆಸರಾಗಿದೆ. ಸುರುಳಿಯ ಬೆಲೆ ಕಡಮೆ. ಚಿಕ್ಕ ಊರಿನ ಗಾಯಕರೂ ಅದನ್ನು ಮುದ್ರಿಸಿ ಜಾತ್ರೆಯಲ್ಲಿ ಮಾರಬಹುದಾಗಿತ್ತು. ಆದರೂ ಅದನ್ನು ಕೊಂಡವನು ಯಾರು, ಅವನಿಗೆ ಯಾವ ಹಾಡು ಹಿಡಿಸಿತು ಎಂಬುದು ಹಾಡಿದವನಿಗೆ ತಿಳಿಯುತ್ತಿರಲಿಲ್ಲ.

ನಾದವು ಅಂಕಿಯಾಗುವ ಬಗೆ

ಭಾರತದ ಸಾರ್ವಜನಿಕರಿಗೆ ಅಂತರಜಾಲವು ದೊರೆತುದು 1995ರ ಆಗಸ್ಟ್ 15ರಂದು. ಆದರೆ ಹಾಡು ಅದರಲ್ಲಿ ಹರಿಯಬೇಕಾದರೆ ಮೊದಲು ಅದು ಅಂಕಿಗಳಾಗಿ ಮಾರ್ಪಡಬೇಕು. ಇದು ಹೇಗೆ?

ನಾದವೆಂದರೆ ಗಾಳಿಯ ಒತ್ತಡದಲ್ಲಾಗುವ ಏರಿಳಿತ. ಆರೋಗ್ಯವಂತ ಎಳೆಯರ ಕಿವಿಗೆ ಸೆಕೆಂಡಿಗೆ ಸುಮಾರು 20ರಿಂದ 20,000ದವರೆಗಿನ ಕಂಪನಗಳು ಕೇಳಿಸುತ್ತವೆ. ಈ ಏರಿಳಿತವನ್ನು ಅತಿ ಚಿಕ್ಕ ಕಾಲಾಂತರಗಳಲ್ಲಿ ಅಳೆದು ಬರೆದಿಟ್ಟರೆ, ಆ ಅಳತೆಗಳಿಂದಲೇ ನಾದವನ್ನು ಮತ್ತೆ ಕಟ್ಟಬಹುದು. ಎಷ್ಟು ಸಲ ಅಳೆಯಬೇಕು? ಒಂದು ಕಂಪನದ ಏರನ್ನೂ ಇಳಿತವನ್ನೂ ಹಿಡಿಯಬೇಕಾದುದರಿಂದ ಅತ್ಯಂತ ವೇಗದ ಕಂಪನಸಂಖ್ಯೆಯ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕೆಂಬುದು ಗಣಿತದಿಂದ ಸಿದ್ಧಪಟ್ಟ ನಿಯಮ. ಆದುದರಿಂದಲೇ ಸಿ.ಡಿ. ತಟ್ಟೆಗಳಲ್ಲಿ ಸೆಕೆಂಡಿಗೆ 44,100 ಅಳತೆಗಳಿರುತ್ತವೆ. ಪ್ರತಿಯೊಂದು ಅಳತೆಯನ್ನೂ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳ 16 ಸ್ಥಾನಗಳಲ್ಲಿ ಬರೆಯುತ್ತಾರೆ. ಎಡ, ಬಲ ಎಂಬ ಎರಡು ಕಿವಿಗಳಿಗೂ ಬೇರೆ ಬೇರೆ ಅಳತೆಗಳನ್ನು ಗಣಿಸಿದರೆ, ಒಂದು ಸೆಕೆಂಡಿನ ಹಾಡಿಗೆ 14,11,200 ಅಂಕಿಗಳಾಗುತ್ತವೆ. ನಾಲ್ಕು ನಿಮಿಷದ ಹಾಡೊಂದು ಸುಮಾರು 42 ಮೆಗಾಬೈಟಿನಷ್ಟಾಯಿತು.

ಮೊದಲಿನ ದೂರವಾಣಿ ತಂತಿಗಳಲ್ಲಿ ಇಷ್ಟು ಭಾರವನ್ನು ಕಳುಹಿಸುವುದು ದುಸ್ಸಾಧ್ಯವಾಗಿತ್ತು. ಈ ತೊಡಕನ್ನು ಬಿಡಿಸಿದುದು ಮನುಷ್ಯನ ಕಿವಿಯ ಒಂದು ದೌರ್ಬಲ್ಯ. ದಮ್ಮಡಿಗೆ ಬಲವಾದ ಪೆಟ್ಟು ಬಿದ್ದ ಕ್ಷಣದಲ್ಲಿ, ಅದೇ ಎತ್ತರದ ಸ್ವರದಲ್ಲಿ ಮಿಡಿಯುವ ಮೆಲುದನಿಯು ಗಾಳಿಯಲ್ಲಿದ್ದರೂ ನಮಗೆ ಕೇಳಿಸುವುದಿಲ್ಲ. ದೊಡ್ಡ ಶಬ್ದವು ತನ್ನ ನೆರೆಯ ಸಣ್ಣ ಶಬ್ದವನ್ನು ಮರೆಮಾಡುತ್ತದೆ. ಹೀಗೆ ಮರೆಯಾಗುವುದನ್ನು ಲೆಕ್ಕಹಾಕಿ, ಕಿವಿಗೆ ಬೇಡವಾದ ವಿವರಗಳನ್ನು ಮೊದಲೇ ಕೈಬಿಡುವ ವಿಧಾನವೇ 'ಎಂಪಿ-3'. ಜರ್ಮನಿಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬರ್ಗ್ ಮೊದಲಾದವರು ಇದನ್ನು ರೂಪಿಸಿದರು. ಪಕ್ಕವಾದ್ಯವಿಲ್ಲದ ಒಂದೇ ಒಂದು ಕಂಠದ ಹಾಡನ್ನು ಆರಿಸಿಕೊಂಡು ಅವರು ತಮ್ಮ ವಿಧಾನವನ್ನು ಮತ್ತೆ ಮತ್ತೆ ಒರೆಗೆ ಹಚ್ಚಿದರು. ಬರಿಯ ಕಂಠದಲ್ಲಿ ತಪ್ಪುಗಳು ಬಚ್ಚಿಟ್ಟುಕೊಳ್ಳಲಾರವು. ಈ ವಿಧಾನದಿಂದ ನಮ್ಮ 42 ಮೆಗಾಬೈಟಿನ ಹಾಡು ನಾಲ್ಕು ಮೆಗಾಬೈಟಿಗಿಂತಲೂ ಕಡಮೆಯಾಗುತ್ತದೆ.

ಇದರಲ್ಲಿ ನಷ್ಟವೇನೂ ಇಲ್ಲವೆಂದು ತಿಳಿಯಬಾರದು. ತೀರ ಹೆಚ್ಚು ಹಿಂಡಿದಾಗ ಮೊದಲು ಕೆಡುವುದು ತಾಳದಂಥ ಲೋಹವಾದ್ಯಗಳ ಚುರುಕಾದ ನಾದ. ಕಿಣಿ ಎನ್ನುವ ಅದರ ಅಂಚು ಮಸುಕಾಗಿ, ನೀರಿನಲ್ಲಿ ಅದ್ದಿದಂತೆ ಕೇಳಿಸುತ್ತದೆ. ಭಜನೆಯ ಹಾಡುಗಾರರು ಮುದ್ರಣವನ್ನು ಕಳುಹಿಸುವಾಗ ಆದಷ್ಟು ಹಿಂಡದೆ ಇರುವ ಪ್ರತಿಯನ್ನೇ ಕಳುಹಿಸಬೇಕೆನ್ನುವುದು ಇದರಿಂದಲೇ.

ಪೊಟ್ಟಣಗಳ ಪ್ರಯಾಣ

ಅಂಕಿಗಳಾದ ಹಾಡು ಅಂತರಜಾಲದಲ್ಲಿ ಒಂದೇ ಮೊತ್ತವಾಗಿ ಹೋಗುವುದಿಲ್ಲ. ಅದನ್ನು ಸುಮಾರು ಒಂದೂವರೆ ಸಾವಿರ ಬೈಟುಗಳ ಪೊಟ್ಟಣಗಳಾಗಿ ಕಟ್ಟುತ್ತಾರೆ. ನಮ್ಮ ನಾಲ್ಕು ನಿಮಿಷದ ಹಾಡಿಗೆ ಎರಡೂವರೆ ಸಾವಿರಕ್ಕೂ ಹೆಚ್ಚು ಪೊಟ್ಟಣಗಳಾಗುತ್ತವೆ. ಪ್ರತಿಯೊಂದರ ಮೇಲೂ ಹೊರಟ ವಿಳಾಸ, ಸೇರಬೇಕಾದ ವಿಳಾಸ ಮತ್ತು ಕ್ರಮಸಂಖ್ಯೆಯನ್ನು ತಿಳಿಸುವ ಗುರುತುಗಳಿರುತ್ತವೆ. ಅವು ಬೇರೆ ಬೇರೆ ದಾರಿಗಳಲ್ಲಿ ಹೋಗಿ, ಹಿಂದುಮುಂದಾಗಿ ತಲುಪಿದರೂ ಬಾಧೆಯಿಲ್ಲ. ಕೇಳುಗನ ಮೊಬೈಲು ಅವನ್ನು ಸಂಖ್ಯೆಯ ಪ್ರಕಾರ ಮತ್ತೆ ಜೋಡಿಸುತ್ತದೆ. ಕೆಲವು ಪೊಟ್ಟಣಗಳು ತಡವಾಗಬಹುದೆಂದು ಮೊದಲೇ ಎಣಿಸಿ, ಕೆಲವು ಸೆಕೆಂಡುಗಳ ಹಾಡನ್ನು ದಾಸ್ತಾನು ಮಾಡಿಟ್ಟುಕೊಂಡೇ ನುಡಿಸಲು ತೊಡಗುತ್ತದೆ. ದಾಸ್ತಾನು ಮುಗಿದಾಗ ತೆರೆಯ ಮೇಲೆ ಚಕ್ರವು ತಿರುಗುವುದನ್ನು ನಾವೆಲ್ಲರೂ ಕಂಡಿದ್ದೇವೆ.

ಬೀದರಿನವರಿಗೆ ಇದನ್ನು ಅರಿಯಲು ಒಂದು ಉಪಮಾನ ಕೈಯಳತೆಯಲ್ಲಿಯೇ ಇದೆ. ನೌಬಾದಿನ ಬಳಿ ಬಹಮನಿ ಕಾಲದ ಕರೇಜು ಇರುವುದಷ್ಟೆ. ನೆಲದ ಕೆಳಗೆ ಅಗೆದ ಕಾಲುವೆಯಲ್ಲಿ ನೀರು ಯಾರ ಕಣ್ಣಿಗೂ ಬೀಳದೆ ಇಳಿಜಾರಿನಲ್ಲಿ ಹರಿಯುತ್ತದೆ. ಮೇಲೆ ಅಲ್ಲಲ್ಲಿ ತೋಡಿದ ಬಾವಿಗಳಿಂದ ಅದಕ್ಕೆ ಗಾಳಿ, ಬೆಳಕು, ದುರಸ್ತಿಗಳು ದೊರೆಯುತ್ತವೆ. ಇಂದು ರಸ್ತೆಯ ಪಕ್ಕದಲ್ಲಿ ಹೂಳಿದ ಗಾಜಿನ ಎಳೆಗಳೊಳಗೆ ಬೆಳಕು ಹೀಗೆಯೇ ಕಾಣದಂತೆ ಹರಿಯುತ್ತದೆ. ದೂರ ಹೋದಂತೆ ಬೆಳಕು ಮಂಕಾಗುವುದರಿಂದ ಅದನ್ನು ಬಲಪಡಿಸುವ ಸಾಧನಗಳನ್ನು ದಾರಿಯಲ್ಲಿ ಅಲ್ಲಲ್ಲಿ ಇಟ್ಟಿರುತ್ತಾರೆ. ಆದರೆ ಒಂದು ಮುಖ್ಯ ಭೇದವುಂಟು. ಕರೇಜಿನ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ಅಂತರಜಾಲದ ಪೊಟ್ಟಣಗಳು ಎರಡು ದಿಕ್ಕಿಗೂ ಹರಿಯುತ್ತವೆ. ಕಡಿದುಹೋಗಿದ್ದ ಮಂಡಲವು ಮತ್ತೆ ಕೂಡಿಕೊಂಡುದು ಈ ಗುಣದಿಂದಲೇ.

ಮರಳಿ ಬರುವ ದಾರಿ

ಮರಳಿ ಬರುವ ದಾರಿಯನ್ನು ಹಾಡುಗಾರರು ಹೇಗೆ ಬಳಸಿದರೆಂಬುದಕ್ಕೆ ಮೊದಲ ದೊಡ್ಡ ಉದಾಹರಣೆ ಇಂಗ್ಲೆಂಡಿನ 'ಮಾರಿಲಿಯನ್' ಎಂಬ ವಾದ್ಯವೃಂದ. 1997ರಲ್ಲಿ ಅವರಿಗೆ ಅಮೆರಿಕಕ್ಕೆ ಹೋಗಿ ಬರಲು ಹಣವಿರಲಿಲ್ಲ. ಇದನ್ನು ತಿಳಿದ ಅಭಿಮಾನಿಗಳು ಅಂತರಜಾಲದ ಮೂಲಕ ತಾವೇ ಒಬ್ಬರನ್ನೊಬ್ಬರು ಸಂಪರ್ಕಿಸಿ, ಸುಮಾರು 60,000 ಡಾಲರುಗಳನ್ನು ಕೂಡಿಸಿಕೊಟ್ಟರು. ಕೆಲವು ವರ್ಷಗಳ ಮೇಲೆ ಆ ವೃಂದವು, ಇನ್ನೂ ಮುದ್ರಣವಾಗದ ಹಾಡುಗಳಿಗೆ ಮುಂಗಡ ಕೊಡಿರೆಂದು ಕೇಳಿದಾಗ, ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿ ಕೊಟ್ಟರು. ಕನ್ನಡದಲ್ಲಿಯೂ ಇದೇ ಬಗೆಯ ಪ್ರಯೋಗ ನಡೆದಿದೆ. ಪವನ್ ಕುಮಾರರ 'ಲೂಸಿಯಾ' (2013) ಚಿತ್ರಕ್ಕೆ ಅಂತರಜಾಲದ ಮೂಲಕ ಬಂದ ಕರೆಯನ್ನು ಕೇಳಿ ನೂರಕ್ಕೂ ಹೆಚ್ಚು ಮಂದಿ ಸಾಮಾನ್ಯ ಪ್ರೇಕ್ಷಕರು ಹಣ ಹೂಡಿದರು. ಪೂರ್ಣಚಂದ್ರ ತೇಜಸ್ವಿಯವರ ಸಂಗೀತದ ಆ ಚಿತ್ರದಿಂದಲೇ ಜನಪದ ಕಂಠದ ನವೀನ್ ಸಜ್ಜು ಅವರ ಹೆಸರು ನಾಡಿಗೆ ಪರಿಚಯವಾಯಿತು.

ಶಿಶುನಾಳ ಷರೀಫರ ತತ್ತ್ವಪದಗಳನ್ನು ಹೊಸ ವಾದ್ಯಗಳೊಡನೆ ಹಾಡಿದ ರಘು ದೀಕ್ಷಿತರ ಮೊದಲ ಸಂಕಲನವು 2008ರಲ್ಲಿ ಹೊರಬಂದಿತು. 2010ರಲ್ಲಿ ಬ್ರಿಟನ್ನಿನ ಬಿ.ಬಿ.ಸಿ. ದೂರದರ್ಶನದಲ್ಲಿ ಅವರು ಒಂದು ಸಂಜೆ ಹಾಡಿದ ಮೇಲೆ, ಅಂತರಜಾಲದ ಅಂಗಡಿಯಾದ ಐಟ್ಯೂನ್ಸಿನಲ್ಲಿ ಅದು ಆ ದೇಶದ ವಿಶ್ವಸಂಗೀತದ ಪಟ್ಟಿಯ ತುದಿಗೇರಿತು. ಕನ್ನಡವನ್ನು ಅರಿಯದ ಕೇಳುಗರು ಅಂಗಡಿಗೆ ಹೋಗುವ ಶ್ರಮವಿಲ್ಲದೆ, ಮೆಚ್ಚಿದ ಕ್ಷಣದಲ್ಲಿಯೇ ಹಾಡನ್ನು ಕೊಳ್ಳಲು ಸಾಧ್ಯವಾದುದು ಇದಕ್ಕೆ ಕಾರಣ.

ಇವೆಲ್ಲ ನಗರದ ಮಾತಾಯಿತು ಎಂದು ಯಾರಾದರೂ ಹೇಳಬಹುದು. ಆದರೆ 2016ರ ಸೆಪ್ಟೆಂಬರಿನಲ್ಲಿ ಜಿಯೋ ಸಂಸ್ಥೆಯ ಸೇವೆ ಪ್ರಾರಂಭವಾದ ಮೇಲೆ ಅಂತರಜಾಲದ ದರವು ದೇಶದಾದ್ಯಂತ ಕುಸಿದು, ಹಳ್ಳಿಯ ಕೇಳುಗನೂ ದಿನವಿಡೀ ಹಾಡು ಕೇಳುವಂತಾಯಿತು. ಅನಂತರ ಉತ್ತರ ಕರ್ನಾಟಕದಲ್ಲಿ ಜನಪದ ಹಾಡಿನ ಒಂದು ಹೊಸ ಬೆಳೆಯೇ ಬಂದಿತು. ಬಾಳು ಬೆಳಗುಂದಿ, ಮಾಳು ನಿಪನಾಳ ಮೊದಲಾದವರು ಬೆಂಗಳೂರಿನ ದೊಡ್ಡ ಕಂಪನಿಗಳ ಬಾಗಿಲು ಕಾಯದೆ, ಯೂಟ್ಯೂಬಿನಲ್ಲಿ ತಮ್ಮ ಊರಿನ ಮಾತಿನಲ್ಲಿಯೇ ಹಾಡಿ ಹೆಸರಾದರು. ಟೆಲಿವಿಷನ್ನು ಅವರನ್ನು ಹುಡುಕಿಕೊಂಡು ಬಂದುದು ಆಮೇಲೆ.

ಈ ಹಾಡುಗಾರರು ಮಾಡುವುದೇನು? ಹಾಡಿನ ಒಂದು ತುಣುಕನ್ನು ಮೊದಲು ಬಿಟ್ಟು ಕೇಳುಗರ ಅಭಿಪ್ರಾಯವನ್ನು ನೋಡುತ್ತಾರೆ. ಕೇಳುಗರು ಬರೆದ ಮಾತುಗಳಿಗೆ ಉತ್ತರ ಕೊಡುತ್ತಾರೆ. ಯಾವ ಊರಿನಲ್ಲಿ ಹೆಚ್ಚು ಜನ ಕೇಳುತ್ತಿದ್ದಾರೆಂಬ ಪಟ್ಟಿಯನ್ನು ನೋಡಿ, ಅಲ್ಲಿಯ ಜಾತ್ರೆ ಉತ್ಸವಗಳಲ್ಲಿ ಕಾರ್ಯಕ್ರಮಕ್ಕೆ ಒಪ್ಪಿಕೊಳ್ಳುತ್ತಾರೆ. ತಮ್ಮ ಕೇಳುಗರನ್ನು ವಾಟ್ಸಾಪಿನ ಗುಂಪುಗಳಲ್ಲಿ ಕೂಡಿಸಿಕೊಂಡು ಹೊಸ ಹಾಡಿನ ಸುದ್ದಿಯನ್ನು ನೇರವಾಗಿ ಮುಟ್ಟಿಸುತ್ತಾರೆ. 2016ರಲ್ಲಿ ಜಾರಿಗೆ ಬಂದ ಯು.ಪಿ.ಐ. ಪದ್ಧತಿಯಿಂದ ಹತ್ತು ರೂಪಾಯಿಯ ಆಯೇರಿಯನ್ನೂ ನೂರು ಮೈಲಿ ದೂರದಿಂದ ಕ್ಷಣಾರ್ಧದಲ್ಲಿ ಸಲ್ಲಿಸಬಹುದಾಗಿದೆ. ಭಜನೆಯ ಅಂಗಳದಲ್ಲಿದ್ದ ಮೆಚ್ಚುಗೆ, ಕೋರಿಕೆ, ಕಾಣಿಕೆಗಳು ಮೂರೂ ಹೀಗೆ ಹೊಸ ವೇಷದಲ್ಲಿ ಹಿಂದಿರುಗಿವೆ.

ಮೊದಲನೆಯ ಬಿರುಕು: ಕಾಲ

ಆದರೂ ಅಂಗಳಕ್ಕೂ ಅಂತರಜಾಲಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಕಾಲದ ವ್ಯತ್ಯಾಸ. ಗಾಳಿಯಲ್ಲಿ ನಾದವು ಸೆಕೆಂಡಿಗೆ ಸುಮಾರು 340 ಮೀಟರು ಹೋಗುತ್ತದೆ. ಹತ್ತು ಮೀಟರು ದೂರದಲ್ಲಿ ಕುಳಿತವನ ತಾಳವು ನಮಗೆ ಸುಮಾರು 29 ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಸಾವಿರದ 29 ಭಾಗ, ತಡವಾಗಿ ಕೇಳಿಸುತ್ತದೆ. ಇಬ್ಬರು ಒಂದೇ ಲಯದಲ್ಲಿ ಕೂಡಿ ಬಾರಿಸಲು ತಡೆದುಕೊಳ್ಳಬಹುದಾದ ವಿಳಂಬವು ಹೆಚ್ಚುಕಡಮೆ ಇಷ್ಟೇ ಎಂದು ಪ್ರಯೋಗಗಳಿಂದ ಗೊತ್ತಾಗಿದೆ. ಇದನ್ನು ಮೀರಿದರೆ ಒಬ್ಬನು ಇನ್ನೊಬ್ಬನ ಪೆಟ್ಟಿಗಾಗಿ ಕಾಯುತ್ತಾನೆ. ಇವನು ಕಾದುದನ್ನು ಕೇಳಿ ಅವನೂ ನಿಧಾನಿಸುತ್ತಾನೆ. ಹೀಗೆ ಲಯವು ಜಗ್ಗುತ್ತಾ ಹೋಗುತ್ತದೆ.

ಗಾಜಿನ ಎಳೆಯಲ್ಲಿ ಬೆಳಕಿನ ವೇಗವು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು. ಬೀದರಿಗೂ ಬೆಂಗಳೂರಿಗೂ ನಡುವೆ 700 ಕಿಲೋಮೀಟರು ಎಳೆಯಿದೆಯೆಂದು ಭಾವಿಸಿದರೆ, ಬೆಳಕಿಗೆ ಬೇಕಾದುದು ಮೂರೂವರೆ ಮಿಲಿಸೆಕೆಂಡು ಮಾತ್ರ. ಹಾಗಾದರೆ ಕೂಡಿ ಹಾಡಬಹುದಲ್ಲವೇ? ಇಲ್ಲ, ನಾದವನ್ನು ಅಂಕಿಯಾಗಿಸುವುದು, ಹಿಂಡುವುದು, ಪೊಟ್ಟಣ ಕಟ್ಟುವುದು, ದಾರಿಯ ಕವಲುಗಳಲ್ಲಿ ಕಾಯುವುದು, ದಾಸ್ತಾನು ಮಾಡುವುದು, ಬಿಚ್ಚುವುದು, ಇವೆಲ್ಲ ಸೇರಿ ಸಾಮಾನ್ಯ ಮೊಬೈಲುಗಳ ಮಾತುಕತೆಯಲ್ಲಿ ವಿಳಂಬವು ನೂರು ಮಿಲಿಸೆಕೆಂಡನ್ನು ಸುಲಭವಾಗಿ ದಾಟುತ್ತದೆ. ಉತ್ತಮ ಸಾಧನಗಳಿಂದ ಇದನ್ನು ತಗ್ಗಿಸಬಹುದು. ಆದರೆ 14,000 ಕಿಲೋಮೀಟರು ದೂರದ ಅಮೆರಿಕದ ಕನ್ನಡಿಗನೊಡನೆ ತಾಳ ಹಾಕುವುದು ಎಂದಿಗೂ ಆಗದು. ಬೆಳಕಿಗೇ ಅಲ್ಲಿಗೆ ಹೋಗಲು 70 ಮಿಲಿಸೆಕೆಂಡು ಬೇಕು. ಇದು ಪ್ರಕೃತಿಯ ನಿಯಮ; ಯಾವ ಕಂಪನಿಯೂ ಇದನ್ನು ಮೀರಲಾರದು.

2020ರ ಮಾರ್ಚಿನಲ್ಲಿ ಕೋವಿಡ್ ರೋಗದ ಕಾರಣದಿಂದ ದೇಶವೆಲ್ಲ ಬಾಗಿಲು ಹಾಕಿದಾಗ, ಹಲವು ಕಿಟಕಿಗಳಲ್ಲಿ ಹಲವರು ಕೂಡಿ ಹಾಡುವ ಚಿತ್ರಗಳನ್ನು ನಾವು ಕಂಡೆವು. ಅವರು ವಾಸ್ತವವಾಗಿ ಕೂಡಿ ಹಾಡಿರಲಿಲ್ಲ. ಒಂದೇ ಲಯದ ಮುದ್ರಣವನ್ನು ಕಿವಿಗಿಟ್ಟುಕೊಂಡು ಪ್ರತಿಯೊಬ್ಬರೂ ಒಂಟಿಯಾಗಿ ಹಾಡಿದರು; ಅನಂತರ ಅವನ್ನು ಹೊಲಿದು ಸೇರಿಸಲಾಯಿತು. ಆಗಲೇ ಇನ್ನೊಂದು ವಿಚಿತ್ರವೂ ಬೆಳಕಿಗೆ ಬಂದಿತು. ಮಾತುಕತೆಗಾಗಿ ಮಾಡಿದ ತಂತ್ರಾಂಶಗಳು ಫ್ಯಾನಿನ ಮೊರೆತದಂತಹ ಒಂದೇ ಸಮನಾದ ಶಬ್ದವನ್ನು ಗದ್ದಲವೆಂದು ಬಗೆದು ಅಳಿಸಿಹಾಕುತ್ತವೆ. ತಂಬೂರಿಯೂ ಏಕತಾರಿಯೂ ನುಡಿಯುವುದು ಒಂದೇ ಸಮನೆಯೇ! ಹಾಡಿನ ಆಧಾರವಾದ ಶ್ರುತಿಯನ್ನೇ ಯಂತ್ರವು ಕಸವೆಂದು ಗುಡಿಸಿತು. ಈಗ ಕೆಲವು ತಂತ್ರಾಂಶಗಳಲ್ಲಿ ಮೂಲನಾದವನ್ನು ಹಾಗೆಯೇ ಬಿಡುವ ಏರ್ಪಾಡು ಇದೆ. ಅರಿತ ಹಾಡುಗಾರರು ಮೊದಲು ಅದನ್ನು ಒತ್ತಿಯೇ ಶ್ರುತಿ ಹಿಡಿಯುತ್ತಾರೆ.

ಎರಡನೆಯ ಬಿರುಕು: ನಡುವಣ ಯಂತ್ರ

ಅಂಗಳದಲ್ಲಿ ಹಾಡುಗಾರನಿಗೂ ಕೇಳುಗನಿಗೂ ನಡುವೆ ಗಾಳಿಯಲ್ಲದೆ ಬೇರೇನೂ ಇರಲಿಲ್ಲ. ಅಂತರಜಾಲದಲ್ಲಿ ಒಂದು ಗಣಿತಯಂತ್ರವಿದೆ. ಕೋಟ್ಯಂತರ ಹಾಡುಗಳಲ್ಲಿ ಯಾವುದನ್ನು ಯಾರ ಮುಂದಿಡಬೇಕೆಂದು ಅದು ನಿರ್ಣಯಿಸುತ್ತದೆ. ಹಾಡಿನ ಅರ್ಥ ಅದಕ್ಕೆ ಬೇಕಿಲ್ಲ. ನೀವು ಯಾವ ಹಾಡನ್ನು ಕೊನೆಯವರೆಗೂ ಕೇಳಿದಿರಿ, ಯಾವುದನ್ನು ಹತ್ತು ಸೆಕೆಂಡಿನಲ್ಲಿ ಬಿಟ್ಟಿರಿ, ಅದನ್ನು ಕೇಳಿದ ಇತರರು ಇನ್ನೇನನ್ನು ಕೇಳಿದರು ಎಂಬುದನ್ನು ಅದು ಎಣಿಸುತ್ತದೆ. ಕ ಎಂಬ ಹಾಡನ್ನು ಕೇಳಿದವರಲ್ಲಿ ಬಹುಮಂದಿ ಚ ಎಂಬುದನ್ನೂ ಕೇಳಿದ್ದರೆ, ಕ ಹಾಡನ್ನು ಈಗ ತಾನೆ ಕೇಳಿದವನಿಗೆ ಚ ಹಾಡನ್ನು ನೀಡುತ್ತದೆ. ಹೀಗಾಗಿ ಇನ್ನೂ ಯಾರೂ ಕೇಳದ ಹಾಡಿನ ವಿಷಯದಲ್ಲಿ ಯಂತ್ರವು ಕುರುಡು. ಹೊಸ ಹಾಡುಗಾರನು ಮೊದಲ ಕೆಲವು ನೂರು ಕೇಳುಗರನ್ನು ತಾನೇ, ತನ್ನ ಊರಿನಿಂದಲೇ ಕೂಡಿಸಬೇಕಾಗುತ್ತದೆ.

ಹಣದ ಲೆಕ್ಕವೂ ಹೀಗೆಯೇ ಯಂತ್ರದ ಕೈಯಲ್ಲಿದೆ. ಲೆಕ್ಕದ ಅನುಕೂಲಕ್ಕಾಗಿ ಒಂದು ಸಂಸ್ಥೆಗೆ ಇಬ್ಬರೇ ಚಂದಾದಾರರೆಂದೂ, ತಲಾ 100 ರೂಪಾಯಿ ಕೊಡುವರೆಂದೂ, ಸಂಸ್ಥೆಯು 30 ರೂಪಾಯಿ ಇಟ್ಟುಕೊಂಡು ಉಳಿದುದನ್ನು ಹಂಚುವುದೆಂದೂ ಭಾವಿಸೋಣ. ಹಂಚಲು ಒಟ್ಟು 140 ರೂಪಾಯಿ ಸಿಕ್ಕಿತು. ಮೈಲೂರದ ಒಬ್ಬನು ತಿಂಗಳಿನಲ್ಲಿ 10 ಸಲ ತತ್ತ್ವಪದವನ್ನು ಕೇಳಿದನು. ಇನ್ನೊಬ್ಬನು 90 ಸಲ ಸಿನಿಮಾ ಹಾಡುಗಳನ್ನು ಕೇಳಿದನು. ಎಲ್ಲ ಹಣವನ್ನೂ ಒಂದೇ ರಾಶಿ ಮಾಡಿ 100 ಕೇಳಿಕೆಗಳಿಗೆ ಹಂಚಿದರೆ ಒಂದಕ್ಕೆ 1 ರೂಪಾಯಿ 40 ಪೈಸೆ. ತತ್ತ್ವಪದದವನಿಗೆ 14 ರೂಪಾಯಿ ಬಂದಿತು; ಆದರೆ ಅವನ ಕೇಳುಗನು ಕೊಟ್ಟುದರಲ್ಲಿ ಹಂಚಲು ಉಳಿದುದು 70! ಒಂದೇ ರಾಶಿಯ ಈ ಕ್ರಮವೇ ದೊಡ್ಡ ಸಂಸ್ಥೆಗಳಲ್ಲಿ ಬಹುಮಟ್ಟಿಗೆ ರೂಢಿಯಲ್ಲಿದೆ. ಇದಲ್ಲದೆ ಸ್ಪಾಟಿಫೈ ಸಂಸ್ಥೆಯು 2024ರಿಂದ, ಹನ್ನೆರಡು ತಿಂಗಳಿನಲ್ಲಿ ಸಾವಿರ ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಹಣ ಕೊಡುವುದಿಲ್ಲ. ಯೂಟ್ಯೂಬಿನಲ್ಲಿ ಉದ್ದದ ಚಿತ್ರಗಳ ಜಾಹೀರಾತಿನ ಪಾಲು ಬರಬೇಕಾದರೆ ಸಾಮಾನ್ಯವಾಗಿ ಸಾವಿರ ಚಂದಾದಾರರೂ ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆಯೂ ಇರಬೇಕು. ಆದುದರಿಂದಲೇ ವಿವೇಕಿಗಳಾದ ಹಾಡುಗಾರರು ಯಂತ್ರದ ಪಾಲನ್ನೇ ನಂಬಿ ಕೂಡುವುದಿಲ್ಲ. ಅದನ್ನು ಡಂಗುರದಂತೆ ಬಳಸಿಕೊಂಡು, ಜೀವನಕ್ಕೆ ನೇರ ಕಾಣಿಕೆಯನ್ನೂ ಊರೂರಿನ ಕಾರ್ಯಕ್ರಮಗಳನ್ನೂ ನೆಚ್ಚುತ್ತಾರೆ.

ಮೂರನೆಯ ಬಿರುಕು: ಹೆಸರು

ಕೊನೆಯ ಬಿರುಕು ಎಲ್ಲಕ್ಕಿಂತ ನೋವಿನದು. ಹಾಡು ಕೈಯಿಂದ ಕೈಗೆ ಹೋದಂತೆ ಹಾಡಿದವರ ಹೆಸರು ಉದುರಿಹೋಗುತ್ತದೆ. ಯಾರೋ ಮೊಬೈಲಿನಲ್ಲಿ ಹಿಡಿದ ಭಜನೆಯ ತುಣುಕನ್ನು ಲಕ್ಷಾಂತರ ಜನರು ನೋಡಬಹುದು. ಹಾಡಿದಾತನು ಯಾವ ಊರಿನವನೆಂದು ಒಬ್ಬರಿಗೂ ತಿಳಿಯದಿರಬಹುದು.

ಈ ಸಮಸ್ಯೆಗೆ ನಮ್ಮ ಹಿಂದಿನವರು ಕಂಡುಕೊಂಡಿದ್ದ ಉಪಾಯವೇ ಅಂಕಿತ. ವಚನದಲ್ಲಿಯೂ ಕೀರ್ತನೆಯಲ್ಲಿಯೂ ತತ್ತ್ವಪದದಲ್ಲಿಯೂ ಕೊನೆಗೆ ಬರುವ ಅಂಕಿತವು ಅದನ್ನು ಕಟ್ಟಿದವರನ್ನು ಸೂಚಿಸುತ್ತದೆ. ಓಲೆಗರಿಯಿಲ್ಲದೆ ಬಾಯಿಂದ ಬಾಯಿಗೆ ಹೋದರೂ ಅದು ಉಳಿಯುತ್ತದೆ, ಏಕೆಂದರೆ ಅದು ಹಾಡಿನ ಹೊರಗಿಲ್ಲ, ಒಳಗಿದೆ. ಆದರೆ ಅಂಕಿತವು ಕಟ್ಟಿದವರನ್ನು ಕಾಯುತ್ತದೆಯೇ ಹೊರತು ಹಾಡಿದವರನ್ನಲ್ಲ. ಗೌಹರ್ ಜಾನ್ ತಟ್ಟೆಯ ಕೊನೆಯಲ್ಲಿ ಕೂಗಿದುದು ಹಾಡಿದವರ ಅಂಕಿತ.

ಇಂದು ಇದೇ ಕೆಲಸವನ್ನು ಮಾಡುವುದು ಹಾಡಿನ ಕಡತದೊಳಗೆ ಬರೆದಿಡುವ ವಿವರಗಳು. ಪ್ರತಿಯೊಂದು ಮುದ್ರಣಕ್ಕೂ ಐ.ಎಸ್.ಆರ್.ಸಿ. ಎಂಬ ಹನ್ನೆರಡು ಅಕ್ಷರಾಂಕಗಳ ಅಂತರರಾಷ್ಟ್ರೀಯ ಗುರುತು ದೊರೆಯುತ್ತದೆ. ಯಾವ ದೇಶದಲ್ಲಿ ಕೇಳಿದರೂ ಲೆಕ್ಕವು ಈ ಗುರುತಿಗೆ ಜಮೆಯಾಗುತ್ತದೆ. ಯೂಟ್ಯೂಬು 2007ರಲ್ಲಿ ತಂದ ಏರ್ಪಾಡಿನಲ್ಲಿ ನಾದದ 'ಬೆರಳಚ್ಚ'ನ್ನು ತೆಗೆದು, ಯಾರಾದರೂ ಅದೇ ಮುದ್ರಣವನ್ನು ಬಳಸಿದರೆ ಯಂತ್ರವು ಹಿಡಿಯುತ್ತದೆ. ಆದರೆ ಹಕ್ಕನ್ನು ಹೇಳಿಕೊಂಡವನು ನಿಜವಾದ ಹಕ್ಕುದಾರನೇ ಎಂಬುದನ್ನು ಬೆರಳಚ್ಚು ತಿಳಿಸಲಾರದು. ಎಲ್ಲರ ಸೊತ್ತಾದ ಹಳೆಯ ಪದವೊಂದನ್ನು ಯಾರೋ ತಮ್ಮದೆಂದು ದಾಖಲಿಸಿ, ಅದೇ ಪದವನ್ನು ತಲೆಮಾರುಗಳಿಂದ ಹಾಡಿದವರಿಗೇ ತಡೆ ಬರುವುದುಂಟು. ಭಾರತದ ಗ್ರಂಥಸ್ವಾಮ್ಯ ಶಾಸನಕ್ಕೆ 2012ರಲ್ಲಿ ಆದ ತಿದ್ದುಪಡಿಯು, ಪ್ರದರ್ಶಿಸಿದವರ ಹೆಸರನ್ನು ಹೇಳಬೇಕೆಂಬ ಹಕ್ಕನ್ನು ಹಾಡುಗಾರರಿಗೂ ವಾದಕರಿಗೂ ಕೊಟ್ಟಿದೆ. ಹಕ್ಕಿರುವುದು ಎಷ್ಟು ಮಂದಿ ಹಾಡುಗಾರರಿಗೆ ಗೊತ್ತು ಎಂಬುದು ಬೇರೆಯ ಮಾತು.

ಗಡಿನಾಡಾದ ಬೀದರಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಇಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗುಗಳು ಒಂದೇ ಓಣಿಯಲ್ಲಿ ಬೆರೆತಿವೆ. ಹುಮನಾಬಾದಿನ ಮಾಣಿಕಪ್ರಭುಗಳೇ ಹಲವು ಭಾಷೆಗಳಲ್ಲಿ ಪದಗಳನ್ನು ರಚಿಸಿದವರು. ಹುಡುಕುವ ಯಂತ್ರವಾದರೋ ಅಕ್ಷರಗಳನ್ನು ನೋಡುತ್ತದೆ. 'ತತ್ವಪದ'ವೆಂದು ಒಬ್ಬರು, 'ತತ್ತ್ವಪದ'ವೆಂದು ಇನ್ನೊಬ್ಬರು, ಇಂಗ್ಲಿಷ್ ಲಿಪಿಯಲ್ಲಿ ನಾಲ್ಕಾರು ಬಗೆಯಾಗಿ ಮತ್ತೊಬ್ಬರು ಬರೆದರೆ, ಒಂದೇ ಬಳಗದ ಹಾಡುಗಳು ಬೇರೆ ಬೇರೆ ಗೂಡು ಸೇರುತ್ತವೆ. ಪದದ ಮೊದಲ ನುಡಿ, ಕಟ್ಟಿದವರು, ಹಾಡಿದವರು, ವಾದ್ಯದವರು, ಊರು, ವರ್ಷ, ಇಷ್ಟನ್ನು ಕನ್ನಡದಲ್ಲಿಯೂ ಇನ್ನೊಂದು ಲಿಪಿಯಲ್ಲಿಯೂ ಸರಿಯಾಗಿ ಬರೆದರೆ ಯಂತ್ರಕ್ಕೆ ಕಣ್ಣು ಬಂದಂತೆ.

ವಿದ್ಯಾರ್ಥಿಗಳ ಕೈಯಲ್ಲಿ

ಒಟ್ಟಿನಲ್ಲಿ ನಾವು ಕಂಡುದೇನು? ಅಂತರಜಾಲವು ಕಡಿದ ಮಂಡಲವನ್ನು ಜೋಡಿಸಿದೆ. ಮೂರು ಬಿರುಕುಗಳಲ್ಲಿ ಕಾಲದ್ದು ಪ್ರಕೃತಿ ಹಾಕಿದ ಗೆರೆ. ಅದನ್ನು ಅರಿತು ನಡೆಯಬೇಕು. ಆದುದರಿಂದ ಕೂಡಿ ಹಾಡುವ ಭಜನೆಗೆ ಅಂಗಳವೇ ಗತಿ. ಯಂತ್ರದ್ದು ಮನುಷ್ಯರು ಬರೆದ ನಿಯಮ, ಅದು ಬದಲಾಗಬಲ್ಲುದು. ಹೆಸರಿನದನ್ನು ಮಾತ್ರ ನಾವು ಇಂದೇ ಮುಚ್ಚಬಹುದು.

ಮೊಬೈಲು ಎಲ್ಲರ ಕೈಯಲ್ಲಿದೆ. ಅದರ ಮರ್ಮವನ್ನು ಊರಿನ ಹಿರಿಯ ಹಾಡುಗಾರರಿಗಿಂತ ವಿದ್ಯಾರ್ಥಿಗಳು ಹೆಚ್ಚಾಗಿ ಬಲ್ಲರು. ಮುಂದಿನ ಸಲ ನಿಮ್ಮ ಓಣಿಯಲ್ಲಿ ಭಜನೆಯಾದಾಗ ಅದನ್ನು ಮುದ್ರಿಸುವ ಮೊದಲು ಹಾಡುವವರ ಅಪ್ಪಣೆಯನ್ನು ಕೇಳಿರಿ. ಮುದ್ರಿಸಿದರೆ ಕೊನೆಯಲ್ಲಿ ಅವರ ಹೆಸರನ್ನೂ ಊರನ್ನೂ ಅವರ ಬಾಯಿಂದಲೇ ಹೇಳಿಸಿರಿ. 1902ರಲ್ಲಿ ತಟ್ಟೆಯ ಮೇಲೆ ಹೆಸರನ್ನುಳಿಸಿದ ಆ ಉಪಾಯಕ್ಕೆ ಇಂದಿಗೂ ಒಂದು ಕಾಸಿನ ಖರ್ಚಿಲ್ಲ.